ನೀರಿನ ಜಾಡು ಹಿಡಿದು ಸುಣ್ಣಕಲ್ಲಿನ ಕಣಿವೆ ನೋಡುವುದು: ಮ್ಯಾಲಮ್ ಮಾರ್ಗದರ್ಶಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿರುವ ಮ್ಯಾಲಮ್‌ಗೆ ಬರುವವರಲ್ಲಿ ಹೆಚ್ಚಿನವರು ಹಳ್ಳಿಯಿಂದ ನೇರವಾಗಿ ಮ್ಯಾಲಮ್ ಕೋವ್ ಎಂಬ ಬಿಳಿ ಬಂಡೆಯ ಬುಡಕ್ಕೆ ನಡೆದು, ಫೋಟೋ ತೆಗೆದುಕೊಂಡು, ಮೆಟ್ಟಿಲು ಹತ್ತಿ ಇಳಿದು ಹೊರಟುಬಿಡುತ್ತಾರೆ. ನೋಟಕ್ಕೇನೂ ಕೊರತೆಯಿಲ್ಲ, ಆದರೆ ಹಾಗೆ ನೋಡಿದರೆ ಕಣಿವೆ ತಿಳಿಯುವುದಿಲ್ಲ. ಸುಣ್ಣಕಲ್ಲಿನ ನಾಡಿನಲ್ಲಿ ಕೇಳಬೇಕಾದದ್ದು ಎರಡೇ: ನೀರು ಎಲ್ಲಿ ನೆಲದೊಳಗೆ ಇಳಿಯಿತು? ಎಲ್ಲಿ ಹೊರಗೆ ಬಂತು? ಅದಕ್ಕೆ ಉತ್ತರ ಸಿಗಬೇಕಾದರೆ ನೀರು ಹೋಗುವ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ ನಡೆಯಬೇಕು. ಈ ಬರಹದ ಕ್ರಮವೂ ಅದೇ.

ಲೀಡ್ಸ್, ಬ್ರಾಡ್‌ಫರ್ಡ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡಿಗರಿಗೆ ಇದು ಒಂದು ದಿನದ ಕೆಲಸ. ಲೀಡ್ಸ್ ನಗರದ ನಡುವೆ ಹರಿಯುವ ಏರ್ ನದಿ ಹುಟ್ಟುವುದೇ ಈ ಕಣಿವೆಯಲ್ಲಿ.

ಹೊರಡುವ ಮೊದಲು

ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ನಕ್ಷೆ, ಎಕ್ಸ್‌ಪ್ಲೋರರ್ ಒಎಲ್2 ಹಾಳೆ, ಕಾಗದದ್ದೇ ತನ್ನಿ. ಕಣಿವೆಯ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಅಲ್ಲದೆ ಈ ನಾಡಿನ ಅರ್ಧ ಗುಟ್ಟು ನಕ್ಷೆಯಲ್ಲೇ ಇದೆ: ನೀಲಿ ಗೆರೆಯಾಗಿ ಬರುವ ತೊರೆ ಥಟ್ಟನೆ ನಿಂತುಹೋಗಿ ಪಕ್ಕದಲ್ಲಿ 'ಸಿಂಕ್ಸ್' ಎಂದಿರುತ್ತದೆ, ಸ್ವಲ್ಪ ದೂರದಲ್ಲಿ ಬೆಟ್ಟದ ಬುಡದಿಂದ ಇನ್ನೊಂದು ನೀಲಿ ಗೆರೆ ತಾನಾಗಿ ಶುರುವಾಗಿರುತ್ತದೆ. ಹಿಂದಿನ ರಾತ್ರಿಯೇ ಕುಳಿತು ಇಂಥ ಜಾಗಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಕಾಲಿಗೆ ಹರಡು ಮುಚ್ಚುವ, ಅಡಿ ಗಟ್ಟಿಯಿರುವ ಬೂಟು. ಮಳೆ ಜಾಕೆಟ್ಟು ಜೂನ್ ತಿಂಗಳಲ್ಲೂ ಬೇಕು. ಅಳತೆಗೆ 5 ಮೀಟರಿನ ಟೇಪು, ದಿಕ್ಸೂಚಿ, ನೀರಿನ ತಾಪ ನೋಡಲು ಒಂದು ಚಿಕ್ಕ ಥರ್ಮಾಮೀಟರು, ಪುಟ್ಟ ಬಾಟಲಿಯಲ್ಲಿ ಅಡುಗೆಯ ವಿನೆಗರ್. ಸುತ್ತಿಗೆ ಬೇಡ. ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯಡಿ ಸುಣ್ಣಕಲ್ಲಿನ ಹಾಸುಗಳಿಗೆ ರಕ್ಷಣೆಯಿದೆ. ಕಲ್ಲು ಒಡೆಯುವುದು, ಎತ್ತಿಕೊಂಡು ಹೋಗುವುದು ಅಪರಾಧವಾಗುತ್ತದೆ.

ಕಾರು ಹಳ್ಳಿಯ ನಿಲುಗಡೆಯಲ್ಲಿ ಬಿಟ್ಟರೆ, ಕೋವ್‌ನ ಪಡುವಣ ಮೆಟ್ಟಿಲು ಹತ್ತಿ ಒಣ ಕಣಿವೆಯಲ್ಲಿ ಹಾದು ಮೇಲಿನ ಕೆರೆಯವರೆಗೆ ಹೋಗಿ, ಅದೇ ದಾರಿಯಲ್ಲಿ ನೋಡುತ್ತ ಇಳಿಯಬಹುದು. ಹತ್ತುವಾಗ ಎಲ್ಲೂ ನಿಲ್ಲದೆ ಸುಮ್ಮನೆ ಹತ್ತಿಬಿಡಿ. ಜೊತೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ಕೆರೆಯ ದಕ್ಷಿಣಕ್ಕೆ ರಸ್ತೆಬದಿಯಲ್ಲೇ ಇರುವ ಚಿಕ್ಕ ನಿಲುಗಡೆಯಲ್ಲಿ ಅವರನ್ನು ಇಳಿಸಿ, ಒಬ್ಬರು ಕಾರನ್ನು ಹಳ್ಳಿಗೆ ತಂದಿಟ್ಟರೆ ಏರು ತಪ್ಪುತ್ತದೆ. ಗೋರ್ಡೇಲ್ ಕಮರಿಯನ್ನೂ ಸೇರಿಸಿದರೆ ಐದಾರು ಗಂಟೆ ಬೇಕು.

1. ಕೆರೆ: ನೀರು ಇಲ್ಲೇಕೆ ನಿಂತಿದೆ?

ಸುಣ್ಣಕಲ್ಲಿನ ಮೇಲೆ ಕೆರೆ ನಿಲ್ಲಬಾರದು. ಆದರೂ ಮ್ಯಾಲಮ್ ಟಾರ್ನ್ ಸಮುದ್ರಮಟ್ಟದಿಂದ ಸುಮಾರು 377 ಮೀಟರ್ ಎತ್ತರದಲ್ಲಿ ತುಂಬಿಕೊಂಡಿದೆ. ಕಾರಣ ಅದರ ತಳ. ಕೆರೆ ಕುಳಿತಿರುವುದು 40 ಕೋಟಿ ವರ್ಷಕ್ಕೂ ಹಳೆಯದಾದ, ನೀರು ಇಂಗದ ಸ್ಲೇಟ್ ಕಲ್ಲಿನ ಮೇಲೆ. ಹಿಮನದಿ ಬಿಟ್ಟುಹೋದ ಮಣ್ಣುಕಲ್ಲಿನ ದಿಬ್ಬ ಅದಕ್ಕೆ ಏರಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಟ್ಟೆ ಹಾಕಿ ನೀರಿನ ಮಟ್ಟವನ್ನು ಇನ್ನಷ್ಟು ಏರಿಸಿದರು. ವಿಸ್ತಾರ ದೊಡ್ಡದಾದರೂ ಆಳ ನಾಲ್ಕೂವರೆ ಮೀಟರಿಗಿಂತ ಕಡಿಮೆ.

ಕೆರೆಯ ಕೋಡಿಯ ಬಳಿ ನೀರಿನ ತಾಪ ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

2. ನೀರು ಮುಳುಗುವ ಜಾಗ

ಕೋಡಿಯಿಂದ ಹೊರಟ ತೊರೆಯ ಜೊತೆಯಲ್ಲೇ ದಕ್ಷಿಣಕ್ಕೆ ನಡೆಯಿರಿ. ರಸ್ತೆ ದಾಟಿ ಅರ್ಧ ಕಿಲೋಮೀಟರಿನೊಳಗೆ ತೊರೆ ಕಲ್ಲುರಾಶಿಯ ನಡುವೆ ಇಂಗಿ ಇಲ್ಲವಾಗುತ್ತದೆ. ಉತ್ತರ ಕ್ರೇವನ್ ಸ್ತರಭಂಗ, ಅಂದರೆ ಎರಡು ಕಡೆಯ ಕಲ್ಲುಪದರಗಳು ಬಿರಿದು ಮೇಲೆ ಕೆಳಗೆ ಸರಿದ ಗೆರೆ, ಈ ನಡುವೆಯೇ ಅಡ್ಡ ಹಾಯುತ್ತದೆ. ಅದರ ಆಚೆ ಸ್ಲೇಟು, ಈಚೆ ಸುಮಾರು 33 ಕೋಟಿ ವರ್ಷದ ಹಿಂದೆ ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ ಕೂಡಿದ ಸುಣ್ಣಕಲ್ಲು. ಕಲ್ಲು ಬದಲಾದ ಕೂಡಲೇ ನೀರು ಕೆಳಗಿಳಿದಿದೆ. ಕಣಿವೆ ಪೂರ್ತಿಯ ಕೀಲಿ ಇದೊಂದೇ ಜಾಗ ಎಂದರೂ ತಪ್ಪಲ್ಲ. ಆದರೂ ಬಹಳ ಜನ ಇತ್ತ ತಿರುಗಿ ನೋಡದೆ ಹೋಗುತ್ತಾರೆ, ಏಕೆಂದರೆ ಇಲ್ಲಿ ಬಾವಿಯಂಥ ಕುಳಿಯಿಲ್ಲ, ಸುಳಿಯಿಲ್ಲ, ಸದ್ದೂ ಇಲ್ಲ.

ಇಲ್ಲಿ ಆಗುವ ತಪ್ಪೊಂದಿದೆ. ನೀರು ಒಂದೇ ತೂತಿನಲ್ಲಿ ಇಳಿಯುತ್ತದೆ ಎಂದುಕೊಂಡು ಅದನ್ನು ಹುಡುಕುತ್ತಾರೆ. ಹಾಗಲ್ಲ. ನೀರು ಕಡಿಮೆಯಿದ್ದಾಗ ಮೇಲಿನ ಬಿರುಕುಗಳೇ ಎಲ್ಲವನ್ನೂ ಕುಡಿದುಬಿಡುತ್ತವೆ. ಮಳೆ ಬಂದಾಗ ಅವಕ್ಕೆ ತಾಳುವ ಶಕ್ತಿ ಮೀರಿ ತೊರೆ ಇನ್ನಷ್ಟು ಕೆಳಗಿನವರೆಗೆ ಹರಿಯುತ್ತದೆ. ಆದ್ದರಿಂದ ನೀರು ನಿಂತ ಜಾಗವನ್ನು ನಕ್ಷೆಯಲ್ಲಿ ಗುರುತಿಸುವಾಗ ತಾರೀಖು ಮತ್ತು ಹಿಂದಿನ ಎರಡು ದಿನದ ಮಳೆಯನ್ನೂ ಜೊತೆಗೇ ಬರೆಯಿರಿ. ತಾರೀಖಿಲ್ಲದ ಗುರುತಿಗೆ ಬೆಲೆಯಿಲ್ಲ.

ವಿನೆಗರ್ ಪರೀಕ್ಷೆಗೆ ಇದು ಸರಿಯಾದ ಜಾಗ. ದಾರಿಯಲ್ಲಿ ಬಿದ್ದ ಚಿಕ್ಕ ಬೂದುಬಣ್ಣದ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಗೀರಿ, ಪುಡಿ ಎದ್ದಲ್ಲಿ ನಾಲ್ಕು ಹನಿ ಬಿಡಿ, ಕಿವಿ ಹತ್ತಿರ ತನ್ನಿ. ಅಡುಗೆಯ ವಿನೆಗರ್‌ನಲ್ಲಿ ಆಮ್ಲ ಶೇ. 5ರಷ್ಟೇ ಇರುವುದರಿಂದ ನೊರೆ ಜೋರಾಗಿ ಉಕ್ಕುವುದಿಲ್ಲ, ಸಣ್ಣ ಗುಳ್ಳೆ ಏಳುತ್ತದೆ. ಕಲ್ಲು ಒದ್ದೆಯಾಗಿದ್ದರೆ ಆಮ್ಲ ತೆಳುವಾಗಿ ಏನೂ ಕಾಣದು. ಬಟ್ಟೆಯಲ್ಲಿ ಒರೆಸಿ ಮತ್ತೆ ಮಾಡಿ. ಸ್ಲೇಟ್ ಚೂರಿನ ಮೇಲೂ ಅಷ್ಟೇ ಹನಿ ಬಿಟ್ಟು ಹೋಲಿಸಿ ನೋಡಿ. ಪಾಚಿ, ಕಲ್ಲುಹೂವು ಇರುವ ಬಂಡೆಯ ಮೇಲೆ ಈ ಪ್ರಯೋಗ ಬೇಡ.

3. ವಾಟ್ಲೋಸ್: ನೀರಿಲ್ಲದ ಕಣಿವೆ

ತೊರೆ ಇಂಗಿದ ಮೇಲೂ ಕಣಿವೆ ಮುಂದುವರಿಯುತ್ತದೆ. ಎರಡೂ ಕಡೆ ಬಂಡೆ, ನಡುವೆ ಹುಲ್ಲು, ಕುರಿ, ಕಲ್ಲಿನ ಪೌಳಿ. ತಲೆಯ ಕಡೆ ಒಣಗಿದ ಜಲಪಾತದ ಮೆಟ್ಟಿಲು ಕೂಡ ಇದೆ, ನೀರೊಂದಿಲ್ಲ. ಇಂಥ ಕಣಿವೆ ಕೊರೆಯಲು ಬೇಕಾದಷ್ಟು ನೀರು ಒಂದು ಕಾಲದಲ್ಲಿ ಮೇಲೆಯೇ ಹರಿದಿತ್ತು. ಹಿಮಯುಗದಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿ ಬಿರುಕುಗಳೆಲ್ಲ ಮಂಜುಗಡ್ಡೆಯಿಂದ ಮುಚ್ಚಿಹೋಗಿದ್ದವು. ಕರಗಿದ ಹಿಮದ ನೀರಿಗೆ ಇಳಿಯಲು ದಾರಿಯಿರಲಿಲ್ಲ. ನೆಲ ಬಿಸಿಯೇರಿ ಬಿರುಕು ಬಿಚ್ಚಿಕೊಂಡಾಗ ನೀರು ಒಳಗೆ ಹೋಯಿತು, ಕಣಿವೆ ಉಳಿಯಿತು.

ತಲೆಭಾಗದ ಇಳಿತ ಕಡಿದು, ಕಲ್ಲುಗಳು ಜನ ನಡೆದು ನಡೆದು ನುಣುಪಾಗಿವೆ. ಕೋಲಿದ್ದರೆ ಎರಡನ್ನೂ ಒಂದೇ ಕೈಗೆ ತೆಗೆದುಕೊಂಡು, ಇನ್ನೊಂದು ಕೈಯನ್ನು ಬಂಡೆ ಹಿಡಿಯಲು ಬಿಡಿ. ಇಳಿದ ಮೇಲೆ ದಾರಿ ಸಲೀಸು.

4. ಕೋವ್ ಮೇಲಿನ ಕಲ್ಲುಹಾಸು

ಒಣ ಕಣಿವೆ ಮುಗಿಯುವಲ್ಲಿ ನೆಲ ಬರಿಯ ಬಂಡೆಯಾಗುತ್ತದೆ. ಚಪ್ಪಟೆ ಬಂಡೆಗಳಿಗೆ ಇಲ್ಲಿನವರು ಕ್ಲಿಂಟ್ ಎನ್ನುತ್ತಾರೆ, ನಡುವಿನ ಸೀಳುಗಳಿಗೆ ಗ್ರೈಕ್. ದಿನದ ಅರ್ಧ ಹೊತ್ತನ್ನು ಇಲ್ಲೇ ಕಳೆದರೂ ನಷ್ಟವಿಲ್ಲ.

ಹಿಮನದಿ ಮೇಲಿನ ಸಡಿಲು ಪದರವನ್ನು ಕೆರೆದು, ಕಲ್ಲಿನ ಒಂದು ಮಟ್ಟಸ ಪದರವನ್ನು ಬತ್ತಲೆ ಮಾಡಿತು. ಅದರಲ್ಲಿ ಮೊದಲೇ ಇದ್ದ ನೇರ ಬಿರುಕುಗಳಲ್ಲಿ ಮಳೆನೀರು ಇಳಿದು ಅಗಲ ಮಾಡಿತು. ಮಳೆನೀರಿಗೆ ಗಾಳಿಯಿಂದ ಸಿಗುವ ಇಂಗಾಲದ ಡೈ ಆಕ್ಸೈಡ್ ಸ್ವಲ್ಪವೇ. ಮಣ್ಣಿನೊಳಗಿನ ಗಾಳಿಯಲ್ಲಿ ಬೇರು ಮತ್ತು ಸೂಕ್ಷ್ಮಜೀವಿಗಳ ಉಸಿರಿನಿಂದ ಅದು ಹತ್ತಾರು ಪಟ್ಟು ಹೆಚ್ಚಿರುತ್ತದೆ. ಹಾಗಾಗಿ ಕಲ್ಲು ಬೇಗ ಕರಗುವುದು ಮಣ್ಣಿನ ಕೆಳಗೆ. ಬರಿಬಂಡೆಯಾಗಿರುವ ಈ ಹಾಸಿನ ಬಹುಪಾಲು ಕೆತ್ತನೆ ನಡೆದದ್ದು ಮೇಲೆ ಮಣ್ಣಿದ್ದಾಗಲೇ. ಗುರುತು ಹಿಡಿಯುವುದು ಸುಲಭ: ಅಂಚು ಗುಂಡಗೆ, ಕಾಲುವೆಗಳು ಅಗಲವಾಗಿ ನುಣುಪಾಗಿದ್ದರೆ ಅದು ಮಣ್ಣಿನಡಿ ಆದದ್ದು. ಏಣು ಚೂಪಾಗಿ, ಬೆರಳಗಲದ ಸಣ್ಣ ಗೀರುಗಳಿದ್ದರೆ ಬಯಲಿನ ಮಳೆ ಕೊರೆದದ್ದು.

ಅಳತೆ ಹೀಗೆ ಮಾಡಿ. ಟೇಪನ್ನು ಹಾಸಿನ ಮೇಲೆ ನೇರವಾಗಿ 5 ಮೀಟರ್ ಎಳೆಯಿರಿ. ಅದು ದಾಟುವ ಪ್ರತಿಯೊಂದು ಗ್ರೈಕ್‌ನ ಮೇಲಗಲ, ಆಳ, ಹೋಗುವ ದಿಕ್ಕು ಬರೆಯಿರಿ. ಆಮೇಲೆ ಟೇಪನ್ನು ಮೊದಲಿನದಕ್ಕೆ ಅಡ್ಡವಾಗಿ ಹಾಕಿ ಇನ್ನೊಮ್ಮೆ ಅಳೆಯಿರಿ. ಒಂದೇ ದಿಕ್ಕಿನಲ್ಲಿ ಅಳೆದರೆ ಟೇಪಿಗೆ ಸಮಾನಾಂತರವಾಗಿ ಓಡುವ ಬಿರುಕುಗಳು ಲೆಕ್ಕಕ್ಕೇ ಬರುವುದಿಲ್ಲ. ತಳದಲ್ಲಿ ಮಣ್ಣು, ಕಲ್ಲುಚೂರು ತುಂಬಿರುವುದರಿಂದ ಸಿಗುವುದು ಪೂರ್ತಿ ಆಳವಲ್ಲ, 'ತುಂಬಿದ ಮಟ್ಟದವರೆಗೆ' ಎಂದು ಪಕ್ಕದಲ್ಲಿ ಬರೆದಿಡಿ. ದಿಕ್ಸೂಚಿ ಹಿಡಿದಾಗ ಮೊಬೈಲು ಇನ್ನೊಂದು ಕೈಯಲ್ಲಿರಬಾರದು, ಮುಳ್ಳು ತಿರುಗಿಬಿಡುತ್ತದೆ. ಇಪ್ಪತ್ತು ಮೂವತ್ತು ಅಳತೆಯಾದ ಮೇಲೆ ದಿಕ್ಕುಗಳು ಕೆಲವೇ ಗುಂಪಾಗಿ ಕೂಡುವುದು ಕಾಣುತ್ತದೆ. ಭೂಮಿಯ ಒತ್ತಡಕ್ಕೆ ಕಲ್ಲು ಬಿರಿದ ದಿಕ್ಕುಗಳು ಅವು; ಕೆಳಗಿನ ಗವಿಗಳೂ ಬಹುಮಟ್ಟಿಗೆ ಅದೇ ಬಿರುಕುಗಳನ್ನು ಹಿಡಿದು ಹೋಗುತ್ತವೆ.

ಗ್ರೈಕ್‌ಗಳೊಳಗೆ ಬಗ್ಗಿ ನೋಡಿ. ಮೇಲೆ ಗಾಳಿ, ಬಿಸಿಲು, ಕುರಿಯ ಬಾಯಿ. ಒಳಗೆ ನೆರಳು, ತಂಪು. ಹಾರ್ಟ್ಸ್ ಟಂಗ್ ಎಂಬ ಉದ್ದೆಲೆಯ ಜರಿಗಿಡ, ಡಾಗ್ಸ್ ಮರ್ಕ್ಯುರಿಯಂಥ ಕಾಡಿನ ಗಿಡಗಳು ಮರವೇ ಇಲ್ಲದ ಈ ಬಯಲಿನಲ್ಲಿ ಬದುಕಿರುವುದು ಆ ಸೀಳುಗಳಿಂದಾಗಿ. ಕೀಳಬೇಡಿ.

ಈಗ ಅಪಾಯದ ಮಾತು. ಇಲ್ಲಿನ ಕಲ್ಲು ಸಾವಿರಾರು ಜನರ ಕಾಲಿಗೆ ಸಿಕ್ಕು ಹೊಳಪೇರಿದೆ, ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಕಾಲು ಕ್ಲಿಂಟ್‌ನ ನಡುವೆ ಇಡಿ, ಅಂಚಿನಲ್ಲಲ್ಲ. ಅಲ್ಲಾಡುವ ಬಂಡೆಗಳೂ ಇವೆ. ಭಾರ ಹಾಕುವ ಮೊದಲು ಒತ್ತಿ ನೋಡಿ. ಕೈಗಳು ಜೇಬಿನಿಂದ ಹೊರಗಿರಲಿ, ನಡೆಯುತ್ತ ಫೋಟೋ ತೆಗೆಯುವುದು ಬೇಡ. ಹಿಮ ಬಿದ್ದ ದಿನ ಈ ಹಾಸಿನ ಮೇಲೆ ಹೋಗಲೇಬೇಡಿ: ಸೀಳುಗಳು ಮುಚ್ಚಿಹೋಗಿ ನೆಲ ಸಮನಾಗಿ ಕಾಣುತ್ತದೆ, ಕಾಲು ಮಂಡಿಯವರೆಗೆ ಇಳಿದರೆ ಮೂಳೆ ಮುರಿಯುತ್ತದೆ. ದಕ್ಷಿಣದ ಅಂಚಿಗೆ ಬೇಲಿಯಿಲ್ಲ, ಅದರ ಕೆಳಗೆ ಸುಮಾರು 80 ಮೀಟರ್ ಪ್ರಪಾತ. ಮಕ್ಕಳ ಕೈ ಬಿಡಬೇಡಿ.

5. ಕೋವ್‌ನ ಬುಡ

ಪಡುವಣ ಬದಿಯ ಸುಮಾರು 400 ಮೆಟ್ಟಿಲಿಳಿದು ಬುಡಕ್ಕೆ ಬನ್ನಿ. ಬಾಗಿ ನಿಂತ ಗೋಡೆಯ ಅಗಲ ಸುಮಾರು 300 ಮೀಟರ್. ಹಿಮಯುಗದ ಕೊನೆಯಲ್ಲಿ ವಾಟ್ಲೋಸ್ ಕಣಿವೆಯ ನೀರೆಲ್ಲ ಇದರ ಮೇಲಿಂದ ಧುಮುಕಿತ್ತು. ಕೆಳಗಡೆ ಹಳ್ಳಿಯತ್ತ ಮಧ್ಯ ಕ್ರೇವನ್ ಸ್ತರಭಂಗ ಹಾದಿದೆ. ಅಲ್ಲಿ ಶುರುವಾದ ಕಡಿದಾದ ಗೋಡೆ ಹಿಂದೆ ಹಿಂದೆ ಸವೆಯುತ್ತ ಈಗಿನ ಜಾಗಕ್ಕೆ ಬಂದು ನಿಂತಿದೆ.

ಬುಡದಲ್ಲಿ ಬಗ್ಗಿ ನೋಡಿದರೆ ಬಂಡೆಪದರದ ಕೆಳಗಿನ ತಗ್ಗಾದ ಸಂದಿನಿಂದ ಮ್ಯಾಲಮ್ ಬೆಕ್ ಹೊರಬರುತ್ತಿರುತ್ತದೆ. ಕೆರೆಯ ಕೆಳಗೆ ಇಂಗಿದ ತೊರೆಯೇ ಇದು ಎಂದು ಯಾರಿಗಾದರೂ ಅನಿಸುತ್ತದೆ. ಅದು ತಪ್ಪು. ಕೆರೆಯ ನೀರಿನ ಬಹುಪಾಲು ಏಳುವುದು ಹಳ್ಳಿಯ ದಕ್ಷಿಣಕ್ಕಿರುವ ಏರ್ ಹೆಡ್ ಒರತೆಯಲ್ಲಿ. ಕೋವ್‌ನಿಂದ ಬರುವುದು ಮುಖ್ಯವಾಗಿ ಪಶ್ಚಿಮದ ಬಯಲಿನಲ್ಲಿ ಹಳೆಯ ಸೀಸದ ಕುಲುಮೆಯ ಬಳಿ ಇಂಗುವ ಇನ್ನೊಂದು ತೊರೆ. ಎರಡು ನೀರೂ ನೆಲದಡಿ ಒಂದರ ದಾರಿಯನ್ನೊಂದು ಅಡ್ಡ ಹಾಯುತ್ತವೆ. ಮೇಲಿನ ಕಣಿವೆ ನೋಡಿ ಕೆಳಗಿನ ನೀರಿನ ದಾರಿ ಊಹಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕೆರೆಯ ತೂಬನ್ನು ತೆರೆದು ನೀರಿನ ಅಲೆಯೊಂದನ್ನು ಬಿಟ್ಟು ಅದು ಎಲ್ಲಿ ಏಳುತ್ತದೆಂದು ಕಾಯುವ ಪ್ರಯೋಗ ಹತ್ತೊಂಬತ್ತನೇ ಶತಮಾನದಲ್ಲೇ ನಡೆದಿತ್ತು. ಬಣ್ಣ ಬಿಡುವ ಪ್ರಯೋಗಗಳೂ ಆಮೇಲೆ ನಡೆದಿವೆ. ನೀವಾಗಿ ನೀರಿಗೆ ಬಣ್ಣ ಬೆರೆಸಬಾರದು, ಅದಕ್ಕೆ ಅನುಮತಿ ಬೇಕು. ಥರ್ಮಾಮೀಟರ್ ಸಾಕು: ಇಲ್ಲಿಯ ತಾಪ ಬರೆದುಕೊಳ್ಳಿ, ಮುಂದೆ ಹಳ್ಳಿ ದಾಟಿ ಏರ್ ಹೆಡ್‌ನಲ್ಲಿಯೂ ಬರೆದುಕೊಂಡು ಮೂರನ್ನೂ ಹೋಲಿಸಿ. ಆಳವಿಲ್ಲದ ಕೆರೆಯ ನೀರು ಬೇಸಿಗೆಯಲ್ಲಿ ಬೆಚ್ಚಗಿರುತ್ತದೆ. ಥರ್ಮಾಮೀಟರನ್ನು ಒರತೆಯ ಬಾಯಲ್ಲೇ ಎರಡು ನಿಮಿಷ ಹಿಡಿಯಬೇಕು. ಹತ್ತು ಮೀಟರ್ ಕೆಳಗೆ ಹಿಡಿದರೆ ಬಿಸಿಲು ಲೆಕ್ಕ ಕೆಡಿಸುತ್ತದೆ.

ಒಣ ಕಣಿವೆ ಶಾಶ್ವತವಾಗಿ ಒಣಗಿಲ್ಲ. 2015ರ ಡಿಸೆಂಬರ್ 6ರಂದು ಡೆಸ್ಮಂಡ್ ಬಿರುಗಾಳಿಯ ಮಳೆಗೆ ನೆಲದಡಿಯ ದಾರಿಗಳೆಲ್ಲ ತುಂಬಿಹೋಗಿ, ಮಿಕ್ಕ ನೀರು ವಾಟ್ಲೋಸ್‌ನಲ್ಲಿ ಹರಿದು ಕೋವ್‌ನ ತುದಿಯಿಂದ ಜಲಪಾತವಾಗಿ ಬಿತ್ತು. ಬದುಕಿದ್ದವರಾರೂ ಅದಕ್ಕೆ ಮೊದಲು ಅದನ್ನು ಕಂಡಿರಲಿಲ್ಲ.

6. ಜಾನೆಟ್ಸ್ ಫಾಸ್ ಮತ್ತು ಗೋರ್ಡೇಲ್

ಹಳ್ಳಿಯಿಂದ ಪೂರ್ವಕ್ಕೆ ಒಂದೂವರೆ–ಎರಡು ಕಿಲೋಮೀಟರ್ ನಡೆದರೆ ಜಾನೆಟ್ಸ್ ಫಾಸ್. ಜಲಪಾತ ಚಿಕ್ಕದು, ಅದು ಬೀಳುವ ಕಲ್ಲೇ ಬೇರೆ. ಇಲ್ಲಿ ನೀರು ಕಲ್ಲನ್ನು ಕರಗಿಸುತ್ತಿಲ್ಲ, ಕಟ್ಟುತ್ತಿದೆ. ಸುಣ್ಣ ಕರಗಿಸಿಕೊಂಡು ಬಂದ ನೀರು ಚಿಮ್ಮಿ ಚದುರಿದಾಗ ಅದರಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹಾರಿಹೋಗುತ್ತದೆ. ಸುಣ್ಣ ಹಿಡಿದಿಟ್ಟುಕೊಳ್ಳಲಾಗದೆ ನೀರು ಅದನ್ನು ಪಾಚಿಯ ಮೇಲೆ ಬಿಟ್ಟುಹೋಗುತ್ತದೆ. ಹೀಗೆ ಕಟ್ಟಿದ ರಂಧ್ರಮಯ ಕಲ್ಲು ಟೂಫಾ. ಮುಟ್ಟಿದರೆ ಪುಡಿಯಾಗುವಷ್ಟು ಮೆದು, ಆದ್ದರಿಂದ ಮೇಲೆ ಕಾಲಿಡಬೇಡಿ.

ಅಲ್ಲಿಂದ ಹತ್ತು ಹದಿನೈದು ನಿಮಿಷಕ್ಕೆ ಗೋರ್ಡೇಲ್ ಸ್ಕಾರ್. ಎರಡೂ ಕಡೆ ನೂರು ಮೀಟರಿನಷ್ಟು ಗೋಡೆ, ಕೆಲವೆಡೆ ತಲೆಯ ಮೇಲೆ ಬಾಗಿ ನಿಂತಿದೆ. ದೊಡ್ಡ ಗವಿಯ ಚಾವಣಿ ಕುಸಿದು ಆದದ್ದು ಎಂಬ ಮಾತು ಈಗಲೂ ಕೇಳಿಬರುತ್ತದೆ. ಹಿಮ ಕರಗಿದ ನೀರು ಬಿರುಕು ಹಿಡಿದು ಕೊರೆದ ಕಮರಿ ಎನ್ನುವ ವಿವರಣೆಯೇ ನಮಗೆ ಸರಿಯೆನಿಸುತ್ತದೆ. ಕೆಳ ಜಲಪಾತದ ಪಕ್ಕದಲ್ಲಿ ಮೇಲೆ ಹತ್ತುವ ದಾರಿಯಿದೆ. ಅದು ಕೈಕಾಲು ಎರಡೂ ಬಳಸಿ ಏರುವ ಬಂಡೆ. ನೀರು ಜೋರಾಗಿದ್ದರೆ ಹತ್ತಬೇಡಿ. ಹತ್ತಿದ ಮೇಲೆ ಅದೇ ದಾರಿಯಲ್ಲಿ ಇಳಿಯುವುದು ಇನ್ನೂ ಕಷ್ಟ. ಕೆಳಗಿನಿಂದ ನೋಡಿ ಹಿಂದಿರುಗಿದರೆ ಕಳೆದುಕೊಳ್ಳುವುದೇನಿಲ್ಲ.

7. ನೆಲದೊಳಗೆ

ಕೋವ್‌ನ ಹಿಂದಿನ ನೀರುತುಂಬಿದ ಗವಿಯಲ್ಲಿ ಈಜಿ ಹೋಗುವವರು ತರಬೇತಿ ಪಡೆದ ಗವಿ ಡೈವರುಗಳು ಮಾತ್ರ. ಮೊದಲ ಬಾರಿ ನೋಡುವವರಿಗೆ ಟಿಕೆಟ್ ಕೊಟ್ಟು ನೋಡುವ ಗವಿಗಳೇ ಸರಿ: ಕ್ಲಾಪಮ್ ಬಳಿಯ ಇಂಗಲ್‌ಬರೋ ಗವಿ, ಇಂಗಲ್‌ಟನ್ ಬಳಿ 1923ರಲ್ಲಿ ಪತ್ತೆಯಾದ ವೈಟ್ ಸ್ಕಾರ್ ಗವಿ. ಇಂಗಲ್‌ಬರೋ ಗವಿಯ ಬಾಯಿಯಲ್ಲಿ ಸುಣ್ಣ ಕಟ್ಟಿದ ಅಡ್ಡಗೋಡೆ ನೀರನ್ನು ತಡೆದಿತ್ತು; 1837ರಲ್ಲಿ ಅದನ್ನು ಒಡೆದು ನೀರಿಳಿಸಿದ ಮೇಲೆ ಒಳಗಿನ ದಾರಿ ತೆರೆಯಿತು. ಮೇಲಿನ ಬೆಟ್ಟದಲ್ಲಿ ಫೆಲ್ ಬೆಕ್ ತೊರೆ 98 ಮೀಟರ್ ಆಳದ ಗೇಪಿಂಗ್ ಗಿಲ್ ಬಾವಿಗೆ ಬೀಳುತ್ತದೆ. ಫ್ರಾನ್ಸಿನ ಗವಿ ಅನ್ವೇಷಕ ಎಡ್ವಾರ್ ಆಲ್ಫ್ರೆಡ್ ಮಾರ್ಟೆಲ್ 1895ರಲ್ಲಿ ಮೊದಲು ಅದರ ತಳ ಮುಟ್ಟಿದರು. ಅಲ್ಲಿ ಬಿದ್ದ ನೀರು ಏಳುವುದು ಇಂಗಲ್‌ಬರೋ ಗವಿಯ ಪಕ್ಕದಲ್ಲೇ. ಎರಡೂ ಗವಿಗಳ ನಡುವೆ ಮನುಷ್ಯರು ದಾಟುವ ದಾರಿ ಸಿಕ್ಕಿದ್ದು ಮಾತ್ರ 1983ರಲ್ಲಿ.

ಗವಿಯೊಳಗೆ ಜನ ಮೊದಲು ಇಳಿಬಿದ್ದ ಸುಣ್ಣದ ಕಡ್ಡಿಗಳನ್ನು ನೋಡುತ್ತಾರೆ. ನೀವು ಮೊದಲು ದಾರಿಯ ಅಡ್ಡಕೊಯ್ತ ನೋಡಿ. ಗುಂಡನೆಯ ಕೊಳವೆಯಂತಿದ್ದರೆ ನೀರು ಪೂರ್ತಿ ತುಂಬಿ ಎಲ್ಲ ಕಡೆ ಸಮನಾಗಿ ಕರಗಿಸಿದೆ. ಕಿರಿದಾಗಿ ಎತ್ತರವಾಗಿದ್ದರೆ ಮೇಲೆ ಗಾಳಿ, ತಳದಲ್ಲಿ ತೊರೆ ಹರಿದು ಕೆಳಕ್ಕೆ ಕೊರೆದಿದೆ. ಮೇಲೆ ಗುಂಡು, ಕೆಳಗೆ ಸೀಳು ಆಗಿದ್ದರೆ ಎರಡೂ ಒಂದಾದ ಮೇಲೊಂದು ನಡೆದಿವೆ, ನೀರಿನ ಮಟ್ಟ ನಡುವೆ ಕುಸಿದಿದೆ. ಆಮೇಲೆ ಗೋಡೆಯ ಮೇಲಿನ ಚಿಪ್ಪಿನಾಕಾರದ ತಗ್ಗುಗಳನ್ನು ನೋಡಿ. ಪ್ರತಿ ತಗ್ಗಿನಲ್ಲೂ ಕಡಿದಾದ ಬದಿ ನೀರು ಬಂದ ಕಡೆಗಿರುತ್ತದೆ, ಓರೆಯಾದ ಬದಿ ಹೋದ ಕಡೆಗೆ. ತಗ್ಗು ಸಣ್ಣದಾದಷ್ಟೂ ನೀರಿನ ವೇಗ ಹೆಚ್ಚಿತ್ತು. ನೀರು ಬತ್ತಿ ಸಾವಿರಾರು ವರ್ಷವಾದ ಗವಿಯಲ್ಲೂ ಹರಿದ ದಿಕ್ಕು ಹೀಗೆ ತಿಳಿಯುತ್ತದೆ.

ಇಳಿಬಿದ್ದ ಸುಣ್ಣದ ಕಡ್ಡಿ, ಅಂದರೆ ಸ್ಟ್ಯಾಲಕ್ಟೈಟ್, ಮೊದಲು ಒಂದು ಹನಿಯಷ್ಟೇ ದಪ್ಪದ, ಸುಮಾರು 5 ಮಿಲಿಮೀಟರ್ ಟೊಳ್ಳು ಕೊಳವೆಯಾಗಿ ಇಳಿಯುತ್ತದೆ; ಕೊಳವೆ ಕಟ್ಟಿಕೊಂಡ ಮೇಲೆ ನೀರು ಹೊರಮೈಯಲ್ಲಿ ಹರಿದು ದಪ್ಪವಾಗುತ್ತದೆ. ಬೆರಳಿನ ಎಣ್ಣೆಯಂಶ ತಗುಲಿದ ಕಡೆ ಸುಣ್ಣ ಸರಿಯಾಗಿ ಕೂರುವುದಿಲ್ಲ. ಮುಟ್ಟಬೇಡಿ ಎನ್ನುವುದು ಅದಕ್ಕೆ.

ಟಿಕೆಟ್ಟಿಲ್ಲದ ಗವಿಗೆ ಹೋಗುವುದಾದರೆ ಅರ್ಹತೆ ಪಡೆದ ಮಾರ್ಗದರ್ಶಕರ ಜೊತೆ ಮಾತ್ರ. ಕನಿಷ್ಠ ನಾಲ್ವರಿರಬೇಕು: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆ ಕೂರಲು, ಇಬ್ಬರು ಹೊರಗೆ ಹೋಗಿ ಸಹಾಯ ಕರೆಯಲು. ಹೆಲ್ಮೆಟ್, ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೀಪ. ಒಳಗಿನ ತಾಪ ವರ್ಷವಿಡೀ 8–9 ಡಿಗ್ರಿ ಇರುವುದರಿಂದ ಜೀನ್ಸ್, ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಶಾಖ ಕದಿಯುತ್ತವೆ. ಯಾವ ಗವಿ, ಎಷ್ಟು ಗಂಟೆಗೆ ಹೊರಬರುತ್ತೀರಿ ಎಂದು ಮೇಲೆ ಉಳಿದವರೊಬ್ಬರಿಗೆ ಬರೆದುಕೊಟ್ಟು, ಆ ಹೊತ್ತು ಮೀರಿದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಗವಿ ರಕ್ಷಣಾ ತಂಡ ಕೇಳಬೇಕೆಂದು ಹೇಳಿ ಹೋಗಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಮಳೆ. ಮೇಲಿನ ಪೀಟ್ ಬಯಲು (ಅರೆಕೊಳೆತ ಗಿಡಗಳಿಂದಾದ ಕಪ್ಪು ಜೌಗುಮಣ್ಣು) ಒಮ್ಮೆ ನೆನೆದ ಮೇಲೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿದ್ದದ್ದೆಲ್ಲ ನೇರ ಗವಿಗೆ. 1967ರ ಜೂನ್‌ನಲ್ಲಿ ಗ್ರಾಸಿಂಗ್‌ಟನ್ ಬಳಿಯ ಮಾಸ್‌ಡೇಲ್ ಗವಿಯಲ್ಲಿ ಹೀಗೆ ನೀರು ನುಗ್ಗಿ ಆರು ಮಂದಿ ಯುವಕರು ಸತ್ತರು. ಚಾವಣಿಯ ಸಂದಿಗಳಲ್ಲಿ ಹುಲ್ಲುಕಡ್ಡಿ, ನೊರೆ, ಹೊಸ ಕೆಸರು ಕಂಡರೆ ಪ್ರವಾಹ ಅಲ್ಲಿಯವರೆಗೂ ಬರುತ್ತದೆ ಎಂದರ್ಥ.

ಊರಿನ ಹತ್ತಿರದಲ್ಲಿ ನೋಡುವವರಿಗೆ

ಕರ್ನಾಟಕದವರಿಗೆ ಸುಣ್ಣಕಲ್ಲಿನ ಶಿಖರ ನೋಡಲು ಕುಮಟಾ ತಾಲ್ಲೂಕಿನ ಯಾಣವಿದೆ, 120 ಮೀಟರಿನ ಭೈರವೇಶ್ವರ ಶಿಖರವೂ 90 ಮೀಟರಿನ ಮೋಹಿನಿ ಶಿಖರವೂ ಅಲ್ಲಿವೆ. ಗವಿಗೆ ಆಂಧ್ರದ ಬೆಲುಂ ಒಳ್ಳೆಯದು, ತಾಡಿಪತ್ರಿಯಿಂದ ಸುಮಾರು 30 ಕಿಲೋಮೀಟರ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಇದನ್ನು ದಾಖಲಿಸಿದರು. 1980ರ ದಶಕದಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ಅವರ ಜರ್ಮನ್ ತಂಡ ಅಳತೆ ಮಾಡಿತು. ಪತ್ತೆಯಾದ ಉದ್ದ 3,229 ಮೀಟರ್, ಅದರಲ್ಲಿ ಒಂದೂವರೆ ಕಿಲೋಮೀಟರ್ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿ ಮೇಲೆ ಕಣಿವೆಯಿಲ್ಲ, ಬಯಲು ಹೊಲದ ನಡುವಿನ ಕುಳಿಯೇ ಬಾಗಿಲು. ಅಡ್ಡಕೊಯ್ತ ನೋಡುವ ಅಭ್ಯಾಸಕ್ಕೆ ಬಹಳ ಚೆನ್ನ. ಗವಿಯ ತಾಪ ಮೇಲಿನ ನೆಲದ ವರ್ಷದ ಸರಾಸರಿಗೆ ಹತ್ತಿರ ಇರುವುದರಿಂದ ಬೆಲುಂ ಒಳಗೆ ಯಾರ್ಕ್‌ಷೈರಿನ ಚಳಿಯಿಲ್ಲ, ಸೆಖೆ ಮತ್ತು ತೇವ. ತೆಳು ಹತ್ತಿ ಬಟ್ಟೆ ತೊಟ್ಟು, ಒಬ್ಬೊಬ್ಬರಿಗೂ ಒಂದು ಲೀಟರ್ ನೀರು ಇಟ್ಟುಕೊಂಡು, ಬೆಳಗಿನ ಹೊತ್ತು ಜನ ಸೇರುವ ಮೊದಲು ಇಳಿಯಿರಿ. ಉಸಿರಾಟದ ತೊಂದರೆ ಇರುವವರು ತಗ್ಗಾದ ಕವಲುಗಳಿಗೆ ಹೋಗದೆ, ಗಾಳಿ ಹಾಯಿಸುವ ವ್ಯವಸ್ಥೆಯಿರುವ ಮುಖ್ಯ ದಾರಿಯಲ್ಲೇ ಇರಲಿ.